ಬಂಡಿ ಕಾದವರು

ಮೈಲಾರದ ಕಾರ್ಣಿಕವನ್ನು ನಾನು ಮೊದಲ ಸಲ ಕೇಳಿದ್ದು ಬಂಡಿಯ ಕೆಳಗೆ ಕೂತು. ಮಾತು ಕೇಳಿಸಲಿಲ್ಲ, ಕೇಳಿಸಿದ್ದು ಮೌನ. 1960ರ ಭಾರತ ಹುಣ್ಣಿಮೆ ಕಳೆದು ಎರಡನೇ ದಿನ, ನನಗೆ ಒಂಬತ್ತು ವರ್ಷ. ಬೆಳಗಿನಿಂದ ಡಮರುಗ, ಬಾರುಕೋಲು, ಏಳು ಕೋಟಿಯ ಕೂಗು, ಎತ್ತಿನ ಗೆಜ್ಜೆ, ಪೀಪಿ ಎಲ್ಲ ಕಲೆತು ಕಿವಿ ದಿಮ್ಮೆನ್ನುತ್ತಿತ್ತು. ಹೊತ್ತು ಇಳಿಯುವಾಗ ಆ ಗದ್ದಲವೆಲ್ಲ ಒಮ್ಮೆಲೇ ನಿಂತುಹೋಯಿತು. ಕಾರ್ಣಿಕ ಅಂದರೆ ವರ್ಷದ ಭವಿಷ್ಯ ನುಡಿಯಲು ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದಿದ್ದಾನೆ ಎಂದು ಆಮೇಲೆ ತಿಳಿಯಿತು. ಲಕ್ಷಾಂತರ ಜನ ಉಸಿರು ಹಿಡಿದು ನಿಂತ ಆ ಗಳಿಗೆಯಲ್ಲಿ ನನಗೆ ಕೇಳಿಸುತ್ತಿದ್ದದ್ದು ಜೋಲಿಯ ಹಗ್ಗ ಬಂಡಿಯ ಅಚ್ಚಿಗೆ ಉಜ್ಜುವ ಸಣ್ಣ ಕಿರಿಕಿರಿ ಸಪ್ಪಳ ಒಂದೇ. ಹಿಂದೆಯೇ ದೊಡ್ಡ ಕೂಗೆದ್ದಿತು. ಕೂಸು ಬೆಚ್ಚಿ ಎದ್ದಿತು. ನಾನು ಹಗ್ಗ ಎಳೆದೆ.

ನನ್ನ ವಶಕ್ಕೆ ಆವತ್ತು ಮೂರು ಮಕ್ಕಳಿದ್ದವು. ಜೋಲಿಯಲ್ಲಿ ಚಿಕ್ಕಪ್ಪನ ಎಂಟು ತಿಂಗಳ ಕೂಸು. ಕಾಲಿಗೆ ಹಳೇ ಸೀರೆಯ ಅಂಚು ಕಟ್ಟಿ, ಇನ್ನೊಂದು ತುದಿಯನ್ನು ಗಾಲಿಯ ಅರಕ್ಕೆ ಬಿಗಿದು ಕೂರಿಸಿದ್ದ ಎರಡು ವರ್ಷದ ಹುಡುಗಿ. ಕಟ್ಟಲು ಬಾರದಷ್ಟು ದೊಡ್ಡವನೂ ಹೇಳಿದ್ದು ಕೇಳದಷ್ಟು ಚಿಕ್ಕವನೂ ಆಗಿದ್ದ ನಾಲ್ಕು ವರ್ಷದ ನನ್ನ ತಮ್ಮ. ಪಕ್ಕದಲ್ಲಿ ನನ್ನ ಸೋದರತ್ತೆ. ಕಾಲು ಚಾಚಿ ಕೂತು ಬುತ್ತಿಯ ಗಂಟು, ನೀರಿನ ಕೊಡ, ಎತ್ತಿನ ಮೇವು, ನಾವು ನಾಲ್ಕೂ ಜನ, ಎಲ್ಲವನ್ನೂ ಕಣ್ಣಳತೆಯಲ್ಲಿ ಇಟ್ಟುಕೊಂಡವಳು ಅವಳೇ.

ನಾನು ಹುಟ್ಟಿದಾಗ ನಮ್ಮೂರು ಹೊಳಲು ಮದರಾಸು ರಾಜ್ಯದಲ್ಲಿತ್ತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿಯ ಕನ್ನಡ ತಾಲ್ಲೂಕುಗಳ ಜೊತೆ ನಮ್ಮ ಹಡಗಲಿಯೂ ಮೈಸೂರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ರಾಜ್ಯ, ಜಿಲ್ಲೆ ಬದಲಾದರೂ ನಮ್ಮ ಕಡೆಯವರು ಊರು ಬಿಟ್ಟು ಹೊರಡುವ ದಿನಗಳು ಬದಲಾಗಲಿಲ್ಲ. ಸುಗ್ಗಿ ಮುಗಿದ ಮೇಲೆ ಮೈಲಾರ, ಅದಾಗಿ ಹದಿನೈದು ದಿನಕ್ಕೆ ಶಿವರಾತ್ರಿಯ ಹೊತ್ತಿಗೆ ಕುರುವತ್ತಿ ಬಸವಣ್ಣ, ಆ ನಡುವೆ ಹರಕೆ ಇದ್ದವರಿಗೆ ಕೊಟ್ಟೂರು. ರೈತಾಪಿ ಮನೆಗೆ ವರ್ಷದಲ್ಲಿ ಇದ್ದ ರಜೆ ಇಷ್ಟೇ. ಈಗ ಜನ ಮಕ್ಕಳು ಮರಿ ಕಟ್ಟಿಕೊಂಡು ಬಿಡದಿಯ ವಂಡರ್‌ಲಾಕ್ಕೋ ಮೈಸೂರಿನ ಜಿಆರ್‌ಎಸ್ ಪಾರ್ಕಿಗೋ ಹೋಗುತ್ತಾರಲ್ಲ, ಆಗ ಮೈಲಾರಕ್ಕೆ ಹೋಗುತ್ತಿದ್ದದ್ದೂ ಹಾಗೆಯೇ. ಭಕ್ತಿಯೂ ಇತ್ತು, ಮಿರ್ಚಿ ಮಂಡಕ್ಕಿ ತಿನ್ನುವ ಆಸೆಯೂ ಇತ್ತು, ರಾಟವಾಳದ ತೊಟ್ಟಿಲಲ್ಲಿ ಕೂತು ಮೇಲೆ ಹೋಗಿ ಹೊಳೆ ನೋಡುವ ಆಸೆಯೂ ಇತ್ತು. ಹಾಗೆ ಹೋದಾಗ ಎದೆಹಾಲಿನ ಕೂಸನ್ನು ಏನು ಮಾಡುತ್ತಿದ್ದರು? ಜಾತ್ರೆಗಳ ಮೇಲೆ ಬಂದ ಪುಸ್ತಕಗಳನ್ನು ಓದಿದ್ದೇನೆ. ಗೊರವರ ಕಂಬಳಿ, ಕರಡಿ ಚರ್ಮದ ಟೊಪ್ಪಿಗೆ, ದೋಣಿ ಸೇವೆ, ಸರಪಳಿ ಪವಾಡ ಎಲ್ಲ ವಿವರವಾಗಿ ಸಿಗುತ್ತದೆ. ಬಂಡಿತಾವ ಉಳಿದವರ ಬಗ್ಗೆ ಒಂದು ಸಾಲೂ ನನಗೆ ಸಿಕ್ಕಿಲ್ಲ. ಮೂವತ್ತೊಂಬತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು. ಆ ಸಾಲನ್ನು ನಾನಾದರೂ ಬರೆಯಬೇಕು.

ನಮ್ಮದು ಕೊಲ್ಲಾರಿ ಬಂಡಿ. ಹೊಳಲಿನಿಂದ ಮೈಲಾರಕ್ಕೆ ಬಂಡಿಯಲ್ಲಿ ಅರ್ಧ ದಿನದ ದಾರಿಯೂ ಇಲ್ಲ, ಆದರೂ ನಸುಕಿನಲ್ಲಿ ಕೊರಳು ಕಟ್ಟುತ್ತಿದ್ದರು. ನೆರಳಿನ ಜಾಗ ಹಿಡಿಯಬೇಕಿತ್ತು, ಅದಕ್ಕೇ. ನೆರಳು ದೊಡ್ಡವರಿಗೆ ಬೇಕಿರಲಿಲ್ಲ, ಅವರು ಹೇಗೂ ತಿರುಗುವವರು. ಬೇಕಾಗಿದ್ದದ್ದು ಎತ್ತಿಗೆ, ಕೂಸಿಗೆ. ಜಾಗ ಸಿಕ್ಕ ಕೂಡಲೇ ಎತ್ತು ಬಿಚ್ಚಿ, ನೊಗಕ್ಕೆ ಊರೆ ಕೊಟ್ಟು ಬಂಡಿಯನ್ನು ಮಟ್ಟ ನಿಲ್ಲಿಸಿ, ಗಾಲಿಗೆ ಕಲ್ಲು ಇಡುತ್ತಿದ್ದರು. ಅಚ್ಚಿಗೆ ಹಗ್ಗ ಹಾಕಿ, ಮೆತ್ತಗೆ ಒಗೆದ ಹತ್ತಿ ಸೀರೆಯನ್ನು ಎರಡು ಮಡಿಕೆ ಮಾಡಿ ಜೋಲಿ ಕಟ್ಟುವುದು ಸೋದರತ್ತೆಯ ಕೆಲಸ. ಹೊಸ ಸೀರೆ ಜಾರುತ್ತದೆ, ತೀರಾ ಹಳೆಯದು ಹರಿಯುತ್ತದೆ, ನಡುವಿನದನ್ನೇ ಆರಿಸಿ ಊರಿನಿಂದ ತಂದಿರುತ್ತಿದ್ದಳು. ನೆಲಕ್ಕೂ ಜೋಲಿಗೂ ಒಂದು ಮೊಳ ಸಂದು ಇರಬೇಕು. ಹಗ್ಗ ಹರಿದು ಬಿದ್ದರೂ ಪೆಟ್ಟಾಗಬಾರದು, ನಾಯಿ ಮೂಸಲು ಬಂದರೆ ನಮಗೆ ಕಾಣಬೇಕು. ಎತ್ತುಗಳನ್ನು ಬಂಡಿಯ ಒಂದೇ ಮಗ್ಗುಲಿಗೆ ಕಟ್ಟಿಸುತ್ತಿದ್ದಳು. ಕೂಸಿಗೆ ಗಾಳಿ ಬೇಕು, ಜಾತ್ರೆಯ ದೂಳು ಬೇಡ. ಆ ಕಡೆ ಎತ್ತು ಗೋಡೆಯ ಹಾಗೆ ನಿಂತರೆ ಈ ಕಡೆಯಿಂದ ಹೊಳೆಯ ಗಾಳಿ ಬರುತ್ತಿತ್ತು.

ಹೊರಡುವ ಮುಂಚೆ ತಾಯಂದಿರು ಹಾಲು ಕುಡಿಸಿ, ಬೆನ್ನು ತಟ್ಟಿ ತೇಗಿಸಿ ಮಲಗಿಸುತ್ತಿದ್ದರು. ಅತ್ತೆ ಕಲ್ಲಿನ ಮೇಲೆ ಬಜೆ ತೇದು ನಾಲಿಗೆಗೆ ಸವರುತ್ತಿದ್ದಳು. ಬೇರೆ ಬಂಡಿಗಳಲ್ಲಿ ಗಸಗಸೆ ಅರೆದು ಹಾಲಿಗೆ ಹಾಕುವವರಿದ್ದರು, ಕೂಸು ಹೊತ್ತು ಮುಳುಗುವತನಕ ಏಳುತ್ತಿರಲಿಲ್ಲ. ಅತ್ತೆಗೆ ಅದು ಸೇರುತ್ತಿರಲಿಲ್ಲ. “ನಿದ್ದಿ ಕೊಡಾದಲ್ಲ, ಎಚ್ಚರ ಕಾಯಾದು ನಮ್ಮ ಕೆಲಸ” ಅನ್ನುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಮುಂಬೈ ಗಿರಣಿಗಳ ಚರಿತ್ರೆ ಓದುವಾಗ ಈ ಮಾತು ನೆನಪಾಯಿತು. ಅಲ್ಲಿ ಕೆಲಸಕ್ಕೆ ಹೋಗುವ ತಾಯಂದಿರು ಕೂಸು ಅಳದೆ ಮಲಗಲಿ ಎಂದು ಅಫೀಮಿನ ಸಣ್ಣ ಗುಳಿಗೆ ಕೊಡುತ್ತಿದ್ದರಂತೆ. ಕಾರ್ಮಿಕರ ಸ್ಥಿತಿ ನೋಡಲು ಬಂದ ವಿಟ್ಲಿ ಆಯೋಗ 1931ರ ವರದಿಯಲ್ಲಿ ಅದನ್ನು ದಾಖಲಿಸಿ, ಗಿರಣಿಗಳಲ್ಲಿ ಕೂಸುಗಳಿಗೆ ಜಾಗ ಮಾಡಿಕೊಡಿ ಎಂದಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯಲ್ಲಿ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೋಣೆ ಕಡ್ಡಾಯವಾಯಿತು. 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿದರು.

ಬಂಡಿ ಕಾಯಲು ಯಾರು ಉಳಿಯಬೇಕು ಎಂದು ಯಾರೂ ಕೂತು ತೀರ್ಮಾನ ಮಾಡುತ್ತಿರಲಿಲ್ಲ. ಅದು ತಾನಾಗಿಯೇ ಗೊತ್ತಿತ್ತು. ಎಂಟರಿಂದ ಹನ್ನೆರಡು ವರ್ಷದ ಹೆಣ್ಣು ಹುಡುಗಿ ಒಬ್ಬಳು, ಓಡಿ ಹೋಗಿ ಯಾರನ್ನಾದರೂ ಕರೆಯಲಿಕ್ಕೆ. ಕಾಲು ನೋವಿನ ಅಜ್ಜಿ ಇದ್ದರೆ ಅವಳು. ಇಲ್ಲವೆಂದರೆ ಮನೆಯಲ್ಲಿ ಗಂಡ ಸತ್ತು ತವರಿಗೆ ಬಂದ ಹೆಣ್ಣುಮಗಳು. ನಮ್ಮ ಅತ್ತೆಗೆ ಗಂಡ ತೀರಿದಾಗ ಇಪ್ಪತ್ತು ವರ್ಷ ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ತವರಿಗೆ ಬಂದ ವರ್ಷದಿಂದ ಅವಳು ಪ್ರತಿ ಮೈಲಾರಕ್ಕೆ, ಪ್ರತಿ ಕುರುವತ್ತಿಗೆ ಬಂಡಿ ಹತ್ತಿದಳು. ಪ್ರತಿ ಸಲವೂ ಬಂಡಿತಾವ ಇಳಿದು ಅಲ್ಲೇ ಕೂತಳು. ನಮ್ಮ ಮನೆಯವರು ಕೆಟ್ಟವರಾಗಿರಲಿಲ್ಲ. ಊಟದಲ್ಲಿ, ಬಟ್ಟೆಯಲ್ಲಿ ಅವಳಿಗೆ ಕಡಿಮೆ ಮಾಡಿದವರಲ್ಲ. ಆದರೆ “ಈ ವರ್ಷ ನೀನೂ ಹೋಗಿ ಬಾ” ಅನ್ನುವ ಮಾತು ಯಾರ ಬಾಯಿಗೂ ಬರುತ್ತಿರಲಿಲ್ಲ. ಗೊರವಯ್ಯ ಬಿಲ್ಲೇರಿದ್ದನ್ನು ಹತ್ತಾರು ವರ್ಷ ಅವಳು ಶಬ್ದದಲ್ಲೇ ಕಂಡಳು. ಯಾವ ವರ್ಷ ಮೌನ ಎಷ್ಟು ಹೊತ್ತು ಇತ್ತು, ಯಾವ ವರ್ಷ ಗಾಳಿ ಯಾವ ಕಡೆಗಿತ್ತು, ಎಲ್ಲ ಅವಳಿಗೆ ನೆನಪಿತ್ತು. ಬಂಡಿಗೆ ಮರಳಿದವರು ಕಾರ್ಣಿಕದ ನುಡಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದರು. ಅದಕ್ಕೆ ಮಳೆಯ ಅರ್ಥವೋ ರಾಜಕೀಯದ ಅರ್ಥವೋ ಎಂದು ಗಂಡಸರು ವಾದ ಮಾಡುವಾಗ ಅತ್ತೆ ರೊಟ್ಟಿ ಹಂಚುತ್ತಾ ಎಲ್ಲರ ಮಾತನ್ನೂ ಕೇಳಿಸಿಕೊಂಡು ಇವರಲ್ಲಿ ಯಾರದ್ದು ಸರಿ ಎಂದು ತಾನೇ ಲೆಕ್ಕ ಹಾಕುತ್ತಿದ್ದಳು.

ನಮಗೆ ಕೂಲಿಯೂ ಇತ್ತು. ನನಗೆ ಎರಡು ಬೆಂಡು, ಒಂದು ಪೀಪಿ, ಒಂದು ಮೊಳ ಹಡಗಲಿ ಮಲ್ಲಿಗೆ. ಅತ್ತೆಗೆ ಒಂದು ಕಾಗದದ ಪೊಟ್ಟಣದಲ್ಲಿ ಭಂಡಾರ, ಒಂದು ಗಿಟಕು ಕೊಬ್ಬರಿ.

ಆ ವರ್ಷವೇ ನನ್ನ ತಮ್ಮ ಕಳೆದುಹೋದ. ತಪ್ಪು ನನ್ನದೇ. ಕೂಸು ಬೆಚ್ಚಿ ಎದ್ದಾಗ ಹಗ್ಗ ಎಳೆಯುತ್ತಾ ನಾನು ಆ ಕಡೆ ತಿರುಗಿದೆ, ಅತ್ತೆ ಬೆದರಿದ ಎತ್ತನ್ನು ಹಿಡಿದಿದ್ದಳು. ತಿರುಗಿ ನೋಡಿದರೆ ಹುಡುಗ ಇಲ್ಲ. ಕಾರ್ಣಿಕ ಮುಗಿದು ಜನ ಹೊಳೆಯಂತೆ ಇಳಿದು ಬರುತ್ತಿದ್ದರು. ಅಪ್ಪ, ಚಿಕ್ಕಪ್ಪಂದಿರು ಬಂದವರೇ ಮೂರು ದಿಕ್ಕಿಗೆ ಓಡಿದರು. “ಬಿಳಿ ಅಂಗಿ, ನಾಕು ವರ್ಷದ ಹುಡುಗ” ಎಂದು ಕೂಗುತ್ತಾ ಹೋದರು. ಮೈಲಾರದಲ್ಲಿ ಬಿಳಿ ಅಂಗಿ ಸಂಜೆಯವರೆಗೆ ಬಿಳಿಯಾಗಿ ಉಳಿಯುತ್ತದೆಯೇ! ಎರಚಿದ ಭಂಡಾರಕ್ಕೆ ಇಡೀ ಜಾತ್ರೆಯೇ ಅರಿಸಿನವಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಅವ್ವನ ಕಣ್ಣಿಗೆ ಬಿದ್ದ. ಬಳೆ ಮಾರುವ ಹೆಂಗಸಿನ ಮಗ್ಗುಲಲ್ಲಿ, ಅವಳದೇ ಮೊಮ್ಮಗನ ಜೊತೆ ಒಂದೇ ಹಾಳೆಯಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದ. ಅವನ ಕೈಗೆ ಒಂದು ಗಾಜಿನ ಬಳೆ ಹಾಕಿ, ಅದಕ್ಕೆ ದಾರ ಕಟ್ಟಿ, ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಿದ್ದಳು ಆ ತಾಯಿ. ಅವ್ವ ಅಳುತ್ತಾ ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. “ಬಳಿ ಇಡಸ್ಕ್ಯ ಯವ್ವಾ, ಅದಕ್ಕ ದುಡ್ಡು ಕೊಡು” ಅಂದಳು. ಅವ್ವ ಎರಡೂ ಕೈ ತುಂಬ ಇಡಿಸಿಕೊಂಡಳು. ನನಗೆ ಯಾರೂ ಹೊಡೆಯಲಿಲ್ಲ. ಅತ್ತೆ ಆವತ್ತು ರಾತ್ರಿ ಊಟ ಮಾಡಲಿಲ್ಲ.

ಹೊಳಲಿನಲ್ಲಿ ಮಕ್ಕಳನ್ನು ಬಿಟ್ಟು ಹೋಗುವ ತಾಯಂದಿರಿಗೆ ಹೇಳುವ ಮಾತು ಒಂದಿದೆ: ತಿರುಗಿ ನೋಡಬೇಡ. ನೋಡಿದರೆ ಕೂಸು ಅಳುತ್ತದೆ, ಅತ್ತರೆ ಕಾಲು ಮುಂದೆ ಹೋಗುವುದಿಲ್ಲ. ಇದೇ ಮಾತು ನಮ್ಮೂರ ಅನಂತಶಯನನ ಕಥೆಯಲ್ಲೂ ಇದೆ. ಹೊಸಪೇಟೆಯ ಹತ್ತಿರ ಅನಂತಶಯನಗುಡಿಯಲ್ಲಿ ಕೃಷ್ಣದೇವರಾಯ 1524ರಲ್ಲಿ ದೊಡ್ಡ ಗುಡಿ ಕಟ್ಟಿಸಿದ. ಮಲಗಿದ ದೇವರಿಗೆಂದೇ ಅಗಲವಾಗಿ ಮಾಡಿಸಿದ ಗರ್ಭಗುಡಿ ಅದು, ಆದರೆ ಈಗ ಅಲ್ಲಿ ದೇವರಿಲ್ಲ. ನಮ್ಮೂರಲ್ಲಿ ಹೇಳುವುದು ಹೀಗೆ: ದೇವರು ರಾಯನ ಬೆನ್ನ ಹಿಂದೆ ನಡೆದು ಬರಲು ಒಪ್ಪಿದ್ದ, ತಿರುಗಿ ನೋಡಬಾರದೆಂದು ಮಾತಾಗಿತ್ತು. ಹಿಂದೆ ಹೆಜ್ಜೆ ಸಪ್ಪಳ ಕೇಳಿಸದೆ ರಾಯ ತಿರುಗಿ ನೋಡಿದ, ದೇವರು ಹೊಳಲಿನಲ್ಲೇ ಮಲಗಿಬಿಟ್ಟ. ಚಿಕ್ಕವಳಿದ್ದಾಗ ಈ ಕಥೆ ಕೇಳಿದಾಗಲೆಲ್ಲ ನನಗೆ ಆ ದೇವರು ಹಠ ಮಾಡಿ ದಾರಿಯಲ್ಲಿ ಮಲಗಿದ ಕೂಸಿನಂತೆಯೇ ಕಾಣುತ್ತಿದ್ದ. ಈಗಲೂ ಹಾಗೆಯೇ ಕಾಣುತ್ತಾನೆ.

ಬೇರೆ ಲೋಕದಲ್ಲಿ ಇದೇ ಕೆಲಸ ಹೇಗೆ ನಡೆಯಿತು ಎಂದು ಹುಡುಕತೊಡಗಿದ್ದು ನಿವೃತ್ತಿಯಾದ ಮೇಲೆ. ಶಿಶುಪಾಲನಾ ಕೋಣೆಗೆ ಇಂಗ್ಲಿಷಿನಲ್ಲಿ ಹೇಳುವ ಕ್ರೆಷ್ ಅನ್ನುವ ಮಾತಿನಿಂದಲೇ ಶುರುವಾಯಿತು. ಫ್ರೆಂಚಿನಲ್ಲಿ ಅದಕ್ಕೆ ಗೋದಲಿ ಎಂದು ಅರ್ಥ, ಯೇಸು ಕೂಸಾಗಿ ಮಲಗಿದ ದನದ ಗೋದಲಿ. 1844ರಲ್ಲಿ ಪ್ಯಾರಿಸ್ಸಿನಲ್ಲಿ ಫಿರ್ಮಿನ್ ಮಾರ್ಬೋ ಎಂಬ ಪುಣ್ಯಾತ್ಮ ಕೂಲಿ ಹೆಂಗಸರ ಕೂಸುಗಳಿಗೆ ಮೊದಲ ಮನೆ ತೆರೆದು ಆ ಹೆಸರಿಟ್ಟ. ನಮ್ಮ ಬಂಡಿಯ ಕೆಳಗಿನ ಕೂಸು ಎತ್ತಿನ ಉಸಿರು ತಾಕುವಷ್ಟು ಹತ್ತಿರ ಮಲಗುತ್ತಿತ್ತು. ಆ ಹೆಸರು ನಮಗೂ ಸಲ್ಲುತ್ತದೆ.

ಜಾತ್ರೆಗೇ ಹೊಂದುವ ಸಂಗತಿ ಸಿಕ್ಕಿದ್ದು 1893ರ ಷಿಕಾಗೋದಲ್ಲಿ. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಮಗೆಲ್ಲ ಗೊತ್ತು, ಶಾಲೆಯಲ್ಲಿ ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದು ನಡೆದದ್ದು ಒಂದು ದೊಡ್ಡ ಜಾತ್ರೆಯ ಅಂಗವಾಗಿ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಕೊಲಂಬಸ್ ಹೆಸರಿನ ಆ ವಿಶ್ವ ಪ್ರದರ್ಶನದಲ್ಲೇ ಜಾರ್ಜ್ ಫೆರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ ಉಕ್ಕಿನ ಚಕ್ರ ನಿಲ್ಲಿಸಿದ, 36 ತೊಟ್ಟಿಲು ಕಟ್ಟಿ ಜನರನ್ನು ತಿರುಗಿಸಿದ. ಅದೇ ಬಯಲಿನಲ್ಲಿ ಹೆಂಗಸರ ಮಂಡಳಿಯವರು ಹಟ ಹಿಡಿದು ಒಂದು ಮಕ್ಕಳ ಮನೆ ಕಟ್ಟಿಸಿದರು. ತಾಯಂದಿರು ಅಲ್ಲಿ ಕೂಸನ್ನು ಒಪ್ಪಿಸಿ, ನಂಬರಿನ ಚೀಟಿ ಪಡೆದು, ಹಗುರ ಕೈಯಲ್ಲಿ ಜಾತ್ರೆ ನೋಡಿ ಬಂದು, ಚೀಟಿ ತೋರಿಸಿ ಕೂಸನ್ನು ಎತ್ತಿಕೊಂಡು ಹೋಗಬಹುದಿತ್ತು. ದೊಡ್ಡವರ ತೊಟ್ಟಿಲು, ಕೂಸಿನ ತೊಟ್ಟಿಲು ಎರಡೂ ಒಂದೇ ಜಾತ್ರೆಯಲ್ಲಿ ತೂಗಿದವು. ಮೊದಲನೆಯದು ನಮ್ಮ ಮೈಲಾರದವರೆಗೂ ಬಂತು. ಮರದ ರಾಟವಾಳ ಹೋಗಿ, ಬಣ್ಣದ ದೀಪದ ಜೈಂಟ್ ವೀಲ್ ಆಗಿ ಈಗ ರಾತ್ರಿಯೆಲ್ಲ ತಿರುಗುತ್ತದೆ. ಎರಡನೆಯದು ಇನ್ನೂ ಬರಲಿಲ್ಲ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಇಂಗ್ಲೆಂಡಿನಲ್ಲಿ ಬಿಲ್ಲಿ ಬಟ್ಲಿನ್ ಎಂಬವನು 1936ರಲ್ಲಿ ಸ್ಕೆಗ್‌ನೆಸ್ ಎಂಬ ಕಡಲ ದಂಡೆಯ ಊರಲ್ಲಿ ದುಡಿಯುವ ಸಂಸಾರಗಳಿಗಾಗಿ ರಜೆಯ ಬಿಡಾರ ಕಟ್ಟಿದ. ಇಂಥ ಬಿಡಾರಗಳಲ್ಲಿ ರಾತ್ರಿ ತಂದೆತಾಯಿ ನಾಟಕಕ್ಕೋ ಕುಣಿತಕ್ಕೋ ಹೋದಾಗ ಕೆಲಸದ ಹೆಂಗಸರು ಮನೆಗಳ ಸಾಲಿನಲ್ಲಿ ಗಸ್ತು ತಿರುಗುತ್ತಿದ್ದರು. ಕೂಸು ಅತ್ತ ಸದ್ದು ಕೇಳಿದರೆ ಇಂಥ ನಂಬರಿನ ಮನೆಯಲ್ಲಿ ಕೂಸು ಅಳುತ್ತಿದೆ ಎಂದು ಸಭಾಂಗಣದಲ್ಲಿ ತಿಳಿಸುತ್ತಿದ್ದರು. ನಮ್ಮ ದೇಶದಲ್ಲಿ 1969ರಲ್ಲಿ ದಿಲ್ಲಿಯಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಮಂಟಪ ಕಟ್ಟುತ್ತಿದ್ದಾಗ, ಕಲ್ಲುಮಣ್ಣು ಹೊರುವ ಹೆಂಗಸರ ಕೂಸುಗಳು ಬಿಸಿಲಲ್ಲಿ ಬಿದ್ದದ್ದನ್ನು ನೋಡಿ ಮೀರಾ ಮಹಾದೇವನ್ ಅವರು ಅಲ್ಲೇ ಒಂದು ಡೇರೆ ಹಾಕಿಸಿದರು. ಮೊಬೈಲ್ ಕ್ರೆಷಸ್ ಸಂಸ್ಥೆ ಹುಟ್ಟಿದ್ದು ಹಾಗೆ. ಅದೂ ಒಂದು ಪ್ರದರ್ಶನದ ಬಯಲೇ. ಜನ ನೋಡಲು ಸೇರುವಲ್ಲೆಲ್ಲ, ಆ ನೋಟ ಕಟ್ಟುವಲ್ಲೆಲ್ಲ, ಒಂದು ಕೂಸು ಮೂಲೆಯಲ್ಲಿ ಮಲಗಿರುತ್ತದೆ.

2013ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದೆ. ನಮ್ಮ ಕಡೆಯ ಎಷ್ಟೋ ತಾಯಂದಿರು ಹೀಗೆ ಆರು ತಿಂಗಳ ಲೆಕ್ಕದಲ್ಲಿ ಹೋಗಿ ಬರುತ್ತಾರೆ, ಒಬ್ಬ ಬೀಗಿತ್ತಿ ಇಳಿದರೆ ಇನ್ನೊಬ್ಬ ಬೀಗಿತ್ತಿ ಹತ್ತುತ್ತಾಳೆ. ಸಾವಿರಾರು ಕನ್ನಡದ ಮನೆಗಳು ಅಲ್ಲಿ ನಡೆಯುವುದು ಈ ಅಜ್ಜಿಯರ ಕೈಯಿಂದ. ಕೂಸಿಗೆ ಐದು ತಿಂಗಳಾದಾಗ ಅಳಿಯಂದಿರು ಎಲ್ಲರನ್ನೂ ಫ್ಲೋರಿಡಾದ ಡಿಸ್ನಿ ವರ್ಲ್ಡಿಗೆ ಕರೆದುಕೊಂಡು ಹೋದರು. 1971ರ ಅಕ್ಟೋಬರ್ 1ಕ್ಕೆ ಬಾಗಿಲು ತೆರೆದ ಜಾಗ ಅದು. ನಾನು ಕಂಡದ್ದು ಅಲ್ಲೂ ಬಂಡಿ ಕಾಯುವವರನ್ನೇ. ದೊಡ್ಡ ಆಟಗಳ ಬಾಗಿಲಲ್ಲಿ ಒಂದು ಅಳತೆಗೋಲು, ಅದಕ್ಕಿಂತ ಗಿಡ್ಡ ಇದ್ದ ಮಗು ಒಳಗೆ ಹೋಗುವಂತಿಲ್ಲ. ಆಗ ತಂದೆ ಹೋದರೆ ತಾಯಿ ಮಗುವಿನ ಜೊತೆ ಹೊರಗೆ, ಅವನು ಬಂದ ಮೇಲೆ ಅವಳು ಉದ್ದ ಸಾಲಿನಲ್ಲಿ ಮತ್ತೆ ನಿಲ್ಲದೆ ನೇರ ಒಳಗೆ. ಅದಕ್ಕೊಂದು ಹೆಸರು, ಒಂದು ಚೀಟಿ ಇತ್ತು. ಉಳಿದವರಿಗೂ ಸರದಿ ಬರಬೇಕು ಎಂದು ಯಾರೋ ಕೂತು ಯೋಚಿಸಿದ್ದಾರಲ್ಲ, ಅದಕ್ಕೆ ನನ್ನ ಮನಸ್ಸು ತುಂಬಿಬಂತು.

ಆಗ ಅಲ್ಲಿನ ಕೆಲವು ಹೋಟೆಲುಗಳಲ್ಲಿ ಸಂಜೆ ಹೊತ್ತು ಮಕ್ಕಳನ್ನು ಗಂಟೆಯ ಲೆಕ್ಕದಲ್ಲಿ ಬಿಡುವ ಕೋಣೆಗಳಿದ್ದವು. ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮಾತ್ರ, ಅದೂ ಕಕ್ಕಸಿನ ರೂಢಿಯಾಗಿರಬೇಕು. ದೊಡ್ಡ ಮೊಮ್ಮಗನಿಗೆ ಆಗ ಐದು. ಅವನನ್ನು ಅಲ್ಲಿ ಬಿಡುತ್ತೇವೆ ಅಂದಾಗ ನನಗೆ ಸಿಟ್ಟು ಬಂತು. ನಾನು ಇಲ್ಲವೇ, ನನ್ನ ಕೈ ಬಿದ್ದುಹೋಗಿದೆಯೇ ಎಂದು ಕೇಳಿದೆ. “ಅವ್ವಾ, ನೀನೂ ನೋಡಾಕ ಬಂದೀಯಲ್ಲ” ಅಂದಳು ಮಗಳು. ನನ್ನ ಜೀವಮಾನದಲ್ಲಿ ಆ ಮಾತನ್ನು ನನಗೆ ಯಾರೂ ಅಂದಿರಲಿಲ್ಲ. ಆದರೂ ಮನಸ್ಸು ತಡೆಯದೆ ಅವನ ಜೊತೆ ಬಾಗಿಲವರೆಗೂ ಹೋದೆ. ಒಳಗೆ ಬಣ್ಣ, ಪುಸ್ತಕ, ಸಿನಿಮಾ, ಮೇಜಿನ ಮೇಲೆ ಮಕ್ಕಳ ಊಟ. ತಂದೆತಾಯಿಯ ಫೋನ್ ನಂಬರು, ಯಾರು ಬಂದರೆ ಮಗುವನ್ನು ಕೊಡಬೇಕು ಎಂಬುದು, ಯಾವ ತಿಂಡಿ ಮೈಗೆ ಆಗುವುದಿಲ್ಲ ಎಂಬುದು ಎಲ್ಲ ಬರೆದುಕೊಂಡರು. ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ ಮಂಡಿಯೂರಿ ಕೂತು ಮೊಮ್ಮಗನ ಕಣ್ಣಿಗೆ ಕಣ್ಣಿಟ್ಟು ಮಾತಾಡಿಸಿದಳು. ಅವಳ ಎದೆಯ ಮೇಲೆ ಒಂದು ಬಿಲ್ಲೆ ಇತ್ತು. ಅದರಲ್ಲಿ ಅವಳ ಹೆಸರು, ಹೆಸರಿನ ಕೆಳಗೆ ಅವಳ ಊರು. ಅಲ್ಲಿ ದುಡಿಯುವ ಎಲ್ಲರಿಗೂ ಹಾಗೆ ಊರಿನ ಹೆಸರಿನ ಬಿಲ್ಲೆ ಇರುತ್ತದೆ ಎಂದು ಅಳಿಯಂದಿರು ಹೇಳಿದರು. ನಾನು ಆ ಬಿಲ್ಲೆಯನ್ನೇ ನೋಡುತ್ತಾ ನಿಂತೆ. ಬಂಡಿ ಕಾಯುವವಳಿಗೆ ಹೆಸರಿದೆ, ಊರಿದೆ, ತಿಂಗಳಿಗೆ ಸಂಬಳವಿದೆ! ಅತ್ತೆಯ ಸೆರಗಿಗೆ ಅಂಥದ್ದೊಂದು ಬಿಲ್ಲೆ ಚುಚ್ಚಿ, ಕೆಳಗೆ ‘ಹೊಳಲು’ ಎಂದು ಬರೆದಿದ್ದರೆ ಹೇಗಿರುತ್ತಿತ್ತು ಎಂದು ಕಣ್ಣ ಮುಂದೆ ತಂದುಕೊಂಡೆ. ಆ ಕೋಣೆಗಳಲ್ಲಿ ಬಹುತೇಕ 2018ರ ಹೊತ್ತಿಗೆ ಮುಚ್ಚಿದವು ಎಂದು ಮಗಳು ಆಮೇಲೆ ಹೇಳಿದಳು.

ನಮ್ಮಲ್ಲಿ ಬಂಡಿ ಹೋದದ್ದರಿಂದ ಏನಾಯಿತು ಎಂಬುದನ್ನು ಯಾರೂ ಗಮನಿಸಿದ ಹಾಗಿಲ್ಲ. ಮೊದಲು ಟ್ರಾಕ್ಟರು ಬಂತು, ಅದರ ಟ್ರೇಲರ್ ಕೆಳಗೂ ಜೋಲಿ ಕಟ್ಟಬಹುದಿತ್ತು, ಕಟ್ಟುತ್ತಿದ್ದರು. ಆಮೇಲೆ ಬಸ್ಸು, ಟೆಂಪೊ, ಕ್ರೂಸರ್. ಬೆಳಿಗ್ಗೆ ಹೋಗಿ ರಾತ್ರಿಗೆ ಬರುವುದು. ಜಾತ್ರೆಯ ನಡುವೆ ‘ನಮ್ಮದು’ ಅನ್ನುವ ಒಂದು ನೆಲೆ, ದಾರಿ ತಪ್ಪಿದ ಹುಡುಗ ಮರಳಿ ಬರಬಹುದಾದ ಒಂದು ಗಾಲಿಯ ಗುರುತು ಇಲ್ಲವಾಯಿತು. ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಆ ನೂಕುನುಗ್ಗಲಿಗೆ ಇಳಿಯಬೇಕಾಯಿತು. ಮೈಕಿನಲ್ಲಿ ಮಕ್ಕಳು ಕಳೆದ ಸುದ್ದಿ ಈಗ ನಿಲ್ಲುವುದೇ ಇಲ್ಲ. ಅಂಗಿಯ ಬಣ್ಣ ಹೇಳುತ್ತಾರೆ, ಆ ಬಣ್ಣ ಭಂಡಾರದಲ್ಲಿ ಮುಳುಗಿ ಎಷ್ಟೋ ಹೊತ್ತಾಗಿರುತ್ತದೆ.

ಊರಿನಲ್ಲಿ ಉಳಿಯುವ ಕೂಸುಗಳಿಗೆ ಮಾತ್ರ ನಿಧಾನವಾಗಿಯಾದರೂ ಮನೆಗಳಾದವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಅದರ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಹೊಳೆಯ ಈಚೆಯ ನಮ್ಮ ಸೀಮೆಗೆ ಬಂದದ್ದು ತಡವಾಗಿ. ಮಳೆ ಕೈಕೊಟ್ಟ ವರ್ಷ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯವರು ಗುಳೆ ಹೋಗುತ್ತಾರೆ, ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ. ನನ್ನ ತರಗತಿಯಲ್ಲಿ ಆ ತಿಂಗಳುಗಳಲ್ಲಿ ಅರ್ಧ ಮಕ್ಕಳು ಇರುತ್ತಿರಲಿಲ್ಲ, ಉಳಿದ ಹೆಣ್ಣುಮಕ್ಕಳು ಸೊಂಟದಲ್ಲಿ ತಮ್ಮನನ್ನೋ ತಂಗಿಯನ್ನೋ ಹೊತ್ತು ಬರುತ್ತಿದ್ದರು. ಕೂಸನ್ನು ಹೊರಗೆ ಬಿಟ್ಟು ಬಾ ಎಂದು ನಾನು ಯಾವತ್ತೂ ಅನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಗೋಣಿತಟ್ಟು ಹಾಸಿಕೊಟ್ಟಿದ್ದೆ.

ನಾನು ಓದಿದ ಕಾನೂನುಗಳಲ್ಲಿ ನನಗೆ ಬಲು ಇಷ್ಟವಾದದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆಯ ಒಂದು ನಿಯಮ. ಕೆಲಸದ ಜಾಗಕ್ಕೆ ಹೆಂಗಸರ ಜೊತೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಆ ಹೆಂಗಸರಲ್ಲೇ ಒಬ್ಬಳನ್ನು ಮಕ್ಕಳನ್ನು ನೋಡಿಕೊಳ್ಳಲು ಕೂರಿಸಬೇಕು, ಅವಳಿಗೂ ಕೂಲಿ ಕೊಡಬೇಕು ಎಂದು ಅದರಲ್ಲಿತ್ತು. ಗುದ್ದಲಿ ಹಿಡಿದವಳ ಕೂಲಿಯೇ ಜೋಲಿ ತೂಗಿದವಳಿಗೂ. ಸರ್ಕಾರಿ ಕಾಗದದಲ್ಲಿ ಇದನ್ನು ಓದಿದ ದಿನ ಆ ಪುಟವನ್ನು ಎರಡು ಸಲ ಜೋರಾಗಿ ಓದಿದೆ. 2023ರಲ್ಲಿ ರಾಜ್ಯ ಸರ್ಕಾರ ಇದೇ ಉದ್ಯೋಗ ಖಾತ್ರಿಯ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಹೆಸರಿಟ್ಟವರು ಯಾರೋ, ಅವರ ಕಿವಿಯಲ್ಲಿ ಹಳ್ಳಿಯ ಕನ್ನಡ ಇದೆ. ಮೈಲಾರದ ಬಯಲಿನಲ್ಲಿ, ಕುರುವತ್ತಿಯಲ್ಲಿ, ಕೊಟ್ಟೂರಿನ ತೇರಿನ ದಿನ ಅಂಥದ್ದೇ ಒಂದು ಕೂಸಿನ ಮನೆ ಬೇಕು: ನೆರಳು, ನೀರು, ಜೋಲಿ, ಹೆಸರು ಬರೆದುಕೊಳ್ಳುವ ಪುಸ್ತಕ, ಕೂಲಿ ಪಡೆದು ಕೂತ ನಾಲ್ಕು ಹೆಂಗಸರು. ಡೇರೆ ಹಾಕುವ ಜನ ಇದ್ದಾರೆ, ಹೊರಡುವ ಹುಮ್ಮಸ್ಸಿನ ಸ್ತ್ರೀಶಕ್ತಿ ಸಂಘಗಳಿವೆ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಅತ್ತೆಯ ಮಾತು ಇನ್ನೊಂದಿದೆ. 1972ರಲ್ಲಿ ನನಗೆ ಶಾಲೆಯ ಕೆಲಸ ಸಿಕ್ಕಿತು, ಮೊದಲ ಸಂಬಳದಲ್ಲಿ ಅತ್ತೆಗೊಂದು ಇಳಕಲ್ ಸೀರೆ ತಂದೆ. ಮರುವರ್ಷದ ಮೈಲಾರಕ್ಕೆ ಅದನ್ನೇ ಉಡಿಸಿದೆ. ಬಂಡಿ ನಿಲ್ಲಿಸಿ ಜೋಲಿ ಕಟ್ಟಿದ ಮೇಲೆ ಅಣ್ಣನ ಕೂಸನ್ನು ನಾನು ತೆಗೆದುಕೊಂಡು, “ಅತ್ತಿ, ಈ ಸಲ ನೀ ಹೋಗು, ನಾ ಇರ್ತೀನಿ” ಅಂದೆ. ಎಲ್ಲರೂ ಸುಮ್ಮನೆ ನಿಂತರು. ಅವಳು ಬೇಡ ಅನ್ನಲಿಲ್ಲ. ಸೆರಗು ಹೊದ್ದು, ನನ್ನ ಅವ್ವನ ಕೈ ಹಿಡಿದು ಡೆಂಕನಮರಡಿಯ ಕಡೆ ನಡೆದಳು. ಆ ಅರಿಸಿನದ ಜನದ ನಡುವೆ ಅವಳ ಸೀರೆಯ ಕೆಂಪು ಸೆರಗು ಬಹಳ ದೂರದವರೆಗೂ ನನಗೆ ಕಾಣಿಸುತ್ತಿತ್ತು. ಕೂಸು ಮಲಗಿತ್ತು, ನಾನು ಹಗ್ಗ ಬಿಟ್ಟು ಬುತ್ತಿಯ ಗಂಟು ಬಿಗಿಯುತ್ತಿದ್ದೆ.

ಸ್ವಲ್ಪ ಹೊತ್ತಿಗೆ ನೋಡಿದರೆ ಅತ್ತೆ ಒಬ್ಬಳೇ ಎದುರಿಗೆ ನಿಂತಿದ್ದಾಳೆ. ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು.

“ಯಾಕತ್ತಿ, ಏನಾತು?”

“ತಿರುಗಿ ನೋಡಿದೆ ಕಣವ್ವಾ. ಜೋಲಿ ತೂಗಾದು ನಿಂತಿತ್ತು” ಅಂದಳು. ಕೂತು ಹಗ್ಗ ಕೈಗೆ ತಗೊಂಡು ಎರಡು ಸಲ ತೂಗಿದಳು, ಸೆರಗಿನ ತುದಿ ಸರಿಸಿ ಕೂಸಿನ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಇನ್ನಾ ಬಿಲ್ಲು ಏರಿಲ್ಲ. ಓಡು, ನಿನಗರ ಕಾಣ್ತತಿ” ಅಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ನಾನು ಮರಡಿ ಮುಟ್ಟುವುದಕ್ಕೂ ಗೊರವಯ್ಯ ಬಿಲ್ಲಿನ ತುದಿ ಮುಟ್ಟುವುದಕ್ಕೂ ಸರಿಹೋಯಿತು.